ತುದಿಯ ತೀರ್ಮಾನ

ಕಲ್ಯಾಣ–ಶೀಲ್ ರಸ್ತೆಯ ಬದಿಯ ಒಂದು ನರ್ಸರಿ. ಮಳೆ ನಿಂತು ಎರಡು ವಾರವಾಗಿತ್ತು. ಹಸಿರು ಜಾಲರಿಯ ನೆರಳಿನಲ್ಲಿ ಗುಲಾಬಿ ಸಸಿಗಳು ಸಾಲಾಗಿ ಕೂತಿದ್ದವು. ಅವುಗಳಲ್ಲಿ ಎರಡು ಬಿಳಿ ಗುಲಾಬಿಗಳ ಮುಂದೆ ನನ್ನ ಕಾಲು ನಿಂತಿತು. ಎರಡಕ್ಕೂ ಕಟ್ಟಿದ್ದ ಚೀಟಿಯಲ್ಲಿ ಒಂದೇ ಹೆಸರು, ‘ಐಸ್‌ಬರ್ಗ್’. ಹೂವೂ ಒಂದೇ. ಅದೇ ಹಾಲುಬಿಳುಪು, ಅದೇ ಸಡಿಲ ಗೊಂಚಲು, ಮೂಗಿಗೆ ಹಿಡಿದರಷ್ಟೇ ಸಿಗುವ ಅದೇ ತೆಳು ಪರಿಮಳ. ಆದರೆ ಒಂದು ಮೊಣಕಾಲೆತ್ತರಕ್ಕೆ ನಿಂತು ಮೈತುಂಬ ಹೂ ಹೊತ್ತಿತ್ತು. ಇನ್ನೊಂದು ಆಸರೆಯ ಬಿದಿರುಕಡ್ಡಿಯನ್ನೂ ಮೀರಿ, ಜಾಲರಿಯ ತೂತಿನಿಂದ ತಲೆ ಹೊರಗೆ ಹಾಕಿ, ಎರಡೇ ಎರಡು ಹೂ ತೋರಿಸುತ್ತಿತ್ತು.

“ಹೇ ಝಾಡ್, ತೋ ವೇಲ್,” ಎಂದ ನರ್ಸರಿಯವನು. ಇದು ಗಿಡ, ಅದು ಬಳ್ಳಿ. “ಗುಲಾಬ್ ಏಕಚ್.” ಗುಲಾಬಿ ಮಾತ್ರ ಒಂದೇ.

ನಾನು ಬಳ್ಳಿಯನ್ನೇ ತಂದೆ. ಡೊಂಬಿವಲಿಯ ನಮ್ಮ ಎರಡನೇ ಮಹಡಿಯ ಗ್ರಿಲ್ಲಿನಲ್ಲಿ ಕುಂಡ ಇಟ್ಟೆ. ವರ್ಷ ತುಂಬುವುದರೊಳಗೆ ಅದು ಮೂರನೇ ಮಹಡಿಯವರು ಒಣಹಾಕಿದ ಸೀರೆಗೆ ಮುಳ್ಳು ಹಾಕಿತು. ಹೂವನ್ನು ಮಾತ್ರ ಬೆರಳು ಮಡಿಸಿ ಎಣಿಸಬಹುದಿತ್ತು, ಅವೂ ಮೇಲಿನವರ ಪಾಲು. ನಮಗೆ ಉಳಿದದ್ದು ಬೋಳು ಕಾಂಡ. ಕೆಳಗಿನ ಮನೆಯಲ್ಲಿ ಉಡುಪಿ ಕಡೆಯ ಅಜ್ಜಿಯೊಬ್ಬರಿದ್ದಾರೆ. ಒಂದು ದಿನ ಕತ್ತೆತ್ತಿ ನೋಡಿ ಅವರು ಹೇಳಿದರು: “ಅದನ್ನು ಅಡ್ಡಕ್ಕೆ ಬಗ್ಗಿಸಿ ಕಟ್ಟಿ ಮಾರಾಯ್ರೆ. ನೆಟ್ಟಗೆ ನಿಂತದ್ದಕ್ಕೆ ಸೊಕ್ಕು ಜಾಸ್ತಿ.”

ಬಳ್ಳಿ ಗುಲಾಬಿ ಬೆಳೆಸಿದವರೆಲ್ಲ ಈ ಅನುಭವದ ಒಂದು ತುಂಡನ್ನು ಬಲ್ಲರು. ಆದರೂ ಒಂದೇ ಹೆಸರಿನ, ಒಂದೇ ಹೂವಿನ ಗುಲಾಬಿ ಒಮ್ಮೆ ಗಿಡ, ಒಮ್ಮೆ ಬಳ್ಳಿ ಆಗುವುದು ಹೇಗೆ? ಬಳ್ಳಿಯಾದ ಕೂಡಲೇ ಹೂವಿಗೆ ಬಡತನ ಬರುವುದೇಕೆ? ಎರಡು ಪ್ರಶ್ನೆಗಳಿಗೂ ಉತ್ತರ ಇರುವುದು ಚಿಗುರಿನ ತುದಿಯಲ್ಲಿ, ಸಾಸಿವೆಕಾಳಿಗಿಂತ ಚಿಕ್ಕ ಜಾಗದಲ್ಲಿ.

ಕೈಯಿಲ್ಲದ ಬಳ್ಳಿ

ನಿಜ ಹೇಳಬೇಕೆಂದರೆ ಗುಲಾಬಿ ಬಳ್ಳಿಯೇ ಅಲ್ಲ. ವೀಳ್ಯದ ಬಳ್ಳಿ ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಮರವನ್ನು ಕಚ್ಚುತ್ತದೆ. ಹಾಗಲ ಸುರುಳಿ ಎಳೆಗಳನ್ನು ಚಾಚಿ ತಂತಿ ಹಿಡಿಯುತ್ತದೆ. ಅವರೆ ತಾನೇ ಕೋಲಿಗೆ ಸುತ್ತಿಕೊಳ್ಳುತ್ತದೆ. ಗುಲಾಬಿಗೆ ಬೇರಿನ ಅಂಟೂ ಇಲ್ಲ, ಸುರುಳಿಯೂ ಇಲ್ಲ, ಸುತ್ತುವ ಚಾಳಿಯೂ ಇಲ್ಲ. ಅದಕ್ಕಿರುವುದು ಕೆಳಮುಖವಾಗಿ ಬಾಗಿದ ಮುಳ್ಳು ಮಾತ್ರ. ಉದ್ದದ ಚಿಗುರು ಪಕ್ಕದ ಪೊದೆಯ ಮೇಲೆ ಒರಗುತ್ತದೆ, ಜಾರಿ ಬೀಳದಂತೆ ಮುಳ್ಳು ಕೊಕ್ಕೆಯಾಗುತ್ತದೆ, ಅಲ್ಲಿಂದ ಚಿಗುರು ಮುಂದಕ್ಕೆ ಹೋಗುತ್ತದೆ.

ಆ ಮುಳ್ಳೂ ಹೊರಚರ್ಮದ ಉಬ್ಬು. ನವಿ ಮುಂಬಯಿಯಲ್ಲಿ ಸಿಡ್ಕೋ ಕಟ್ಟಿಸಿದ ಸಾಲುಮನೆಗಳ ಗೇಟಿನ ಮೇಲೆ ಹಬ್ಬಿರುವ ಬೋಗನ್‌ವಿಲ್ಲಾದ ಮುಳ್ಳನ್ನು ಕೀಳಲು ಹೋಗಿ ನೋಡಿ, ಕೈ ಸೋಲುತ್ತದೆ. ಅದು ಕೊಂಬೆಯೇ ಮುಳ್ಳಾದದ್ದು, ಕಾಂಡದ ಒಳಗಿನಿಂದ ಬಂದದ್ದು. ಗುಲಾಬಿಯ ಮುಳ್ಳನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಪಟ್ಟನೆ ಕಳಚಿ ಬೀಳುತ್ತದೆ.

ಆದ್ದರಿಂದ ಗುಲಾಬಿಯ ಮಟ್ಟಿಗೆ ಹತ್ತುವುದೆಂದರೆ ನಿಲ್ಲದೆ ಉದ್ದವಾಗುವುದು, ಅಷ್ಟೇ. ಬಳ್ಳಿ ಗುಲಾಬಿಗೆ ಗಿಡ ಗುಲಾಬಿಯಲ್ಲಿಲ್ಲದ ಹೊಸ ಅಂಗ ಯಾವುದೂ ಬಂದಿಲ್ಲ. ಗಿಡದ ಚಿಗುರು ಬೇಗ ನಿಲ್ಲುತ್ತದೆ, ಬಳ್ಳಿಯ ಚಿಗುರು ನಿಲ್ಲುವುದಿಲ್ಲ. ಹಾಗಾದರೆ ಚಿಗುರನ್ನು ನಿಲ್ಲಿಸುವುದು ಯಾವುದು?

ಹೂವು.

ಠಾಣೆ ಲೋಕಲ್, ಕಸಾರಾ ಲೋಕಲ್

ಪ್ರತಿ ಚಿಗುರಿನ ತುತ್ತತುದಿಯಲ್ಲಿ ಸದಾ ಎಳೆಯದಾಗಿಯೇ ಉಳಿಯುವ ಕಣಗಳ ಒಂದು ಚಿಕ್ಕ ಗುಡ್ಡೆ ಇದೆ. ವಿಜ್ಞಾನಿಗಳು ಮೆರಿಸ್ಟೆಮ್ ಎನ್ನುವ ಇದನ್ನು ನಾವು ಬೆಳೆತುದಿ ಎನ್ನೋಣ. ಬೆಳೆತುದಿಯ ಕಸುಬು ಸರಳ. ಒಂದು ಎಲೆ ಮಾಡು, ಒಂದು ತುಂಡು ಕಾಂಡ ಮಾಡು, ಮತ್ತೆ ಎಲೆ, ಮತ್ತೆ ಕಾಂಡ. ತಾನು ಮಾತ್ರ ಖರ್ಚಾಗದೆ ಮೇಲಕ್ಕೇರುತ್ತಾ ಹೋಗುತ್ತದೆ. ಆದರೆ ‘ಇನ್ನು ಹೂ ಬಿಡು’ ಎಂಬ ಅಪ್ಪಣೆ ಬಂದ ದಿನ ಲೆಕ್ಕ ಬದಲಾಗುತ್ತದೆ. ಆ ಗುಡ್ಡೆಯೇ ಪುಷ್ಪಪತ್ರ, ಎಸಳು, ಕೇಸರ, ಅಂಡಾಶಯಗಳಾಗಿ ಹಂಚಿಹೋಗುತ್ತದೆ. ಹೂವಿನ ನಡುವಿನಿಂದ ಮುಂದಕ್ಕೆ ಬೆಳೆಯಲು ತುದಿಯೇ ಉಳಿಯುವುದಿಲ್ಲ.

ದಾಸವಾಳಕ್ಕೆ ಈ ತೊಂದರೆ ಇಲ್ಲ. ಅದರ ಹೂ ಎಲೆಯ ಕಂಕುಳಲ್ಲಿ ಬರುತ್ತದೆ, ತುದಿ ಪಾಡಿಗೆ ತುದಿ ಬೆಳೆಯುತ್ತಿರುತ್ತದೆ. ಗುಲಾಬಿಯ ಹೂ ಕೂರುವುದು ಟೊಂಗೆಯ ತುದಿಯಲ್ಲೇ. ಹೂ ಬಂತೆಂದರೆ ಆ ಟೊಂಗೆಯ ಪ್ರಯಾಣ ಮುಗಿಯಿತು.

ನಮ್ಮ ಕಡೆಯವರಿಗೆ ಇದನ್ನು ಲೋಕಲ್ ರೈಲಿನಲ್ಲಿ ಹೇಳುವುದೇ ಸುಲಭ. ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದಿಂದ ಹೊರಟ ಠಾಣೆ ಲೋಕಲ್ 34 ಕಿಲೋಮೀಟರಿಗೆ ಖಾಲಿಯಾಗುತ್ತದೆ. ಕಸಾರಾ ಲೋಕಲ್ ಠಾಣೆ, ಡೊಂಬಿವಲಿ, ಕಲ್ಯಾಣಗಳನ್ನೆಲ್ಲ ದಾಟಿ ಸುಮಾರು 120 ಕಿಲೋಮೀಟರ್ ಓಡುತ್ತದೆ. ಡಬ್ಬಿ ಅದೇ, ಹಳಿ ಅದೇ, ಕೊನೆಯ ನಿಲ್ದಾಣ ಮಾತ್ರ ಬೇರೆ. ಗಿಡ ಗುಲಾಬಿಯ ಚಿಗುರು ಠಾಣೆ ಲೋಕಲ್. ಕೆಲವು ಎಲೆಗಳಾದ ಕೂಡಲೇ ಹೂವೆಂಬ ಕೊನೆಯ ನಿಲ್ದಾಣ. ಆಮೇಲೆ ಕೆಳಗಿನ ಕಣ್ಣೊಂದು ಒಡೆದು ಇನ್ನೊಂದು ಠಾಣೆ ಲೋಕಲ್ ಹೊರಡುತ್ತದೆ, ಅದಕ್ಕೂ ತುದಿಯಲ್ಲಿ ಹೂ. ಹೀಗೆ ಗಿಡ ಕುಳ್ಳಗೆ ಉಳಿಯುತ್ತದೆ, ಹೂ ಮಾತ್ರ ಮತ್ತೆ ಮತ್ತೆ ಬರುತ್ತದೆ. ಬಳ್ಳಿಯ ಚಿಗುರು ಕಸಾರಾ ಲೋಕಲ್. ಅದರ ತುದಿ ಹೂವಿನ ಅಪ್ಪಣೆಯನ್ನು ಮುಂದೂಡುತ್ತಲೇ ಇರುತ್ತದೆ.

ಎತ್ತರವೂ ಹೂವೂ ಒಂದೇ ಜೇಬಿನ ಖರ್ಚು. ನನ್ನ ಗ್ರಿಲ್ಲಿನ ಐಸ್‌ಬರ್ಗ್ ಆ ದುಡ್ಡನ್ನೆಲ್ಲ ಎತ್ತರಕ್ಕೇ ಸುರಿಯುತ್ತಿತ್ತು.

ಫೋರ್ತ್ ಸೀಟಿನ ಪೈಪೋಟಿ

ಅಪ್ಪಣೆ ಎಲ್ಲಿಂದ ಬರುತ್ತದೆ? ಎಲೆಯಿಂದ. ಎಲೆಯಲ್ಲಿ ಹುಟ್ಟಿ ತುದಿಗೆ ಹೋಗುವ ಹೂವಿನ ಸಂದೇಶವೊಂದು ಇರಲೇಬೇಕೆಂದು ರಷ್ಯಾದ ಮಿಖಾಯಿಲ್ ಚೈಲಾಖ್ಯಾನ್ 1930ರ ದಶಕದಲ್ಲೇ ವಾದಿಸಿ, ಅದಕ್ಕೆ ‘ಫ್ಲೋರಿಜೆನ್’ ಎಂದು ಹೆಸರಿಟ್ಟಿದ್ದರು. ಅದು ಕೈಗೆ ಸಿಗಲು ಎಪ್ಪತ್ತು ವರ್ಷ ಹಿಡಿಯಿತು. ಸಿಕ್ಕಿದ್ದು ಒಂದು ಪುಟ್ಟ ಪ್ರೋಟೀನು. ಅದನ್ನು ಹೂದೂತ ಎಂದು ಕರೆಯೋಣ. ಎಲೆಯಲ್ಲಿ ತಯಾರಾಗಿ, ಸಕ್ಕರೆ ಹರಿಯುವ ನಾಳದಲ್ಲೇ ಸಾಗಿ, ಬೆಳೆತುದಿಯ ಕಣದೊಳಗೆ ಒಂದು ನಿರ್ದಿಷ್ಟ ಆಸನದಲ್ಲಿ ಅದು ಕೂರುತ್ತದೆ. ಕೂತ ಕ್ಷಣ ಹೂವಿನ ಕೆಲಸಕ್ಕೆ ಚಾಲನೆ.

ಆದರೆ ಆ ಆಸನಕ್ಕೆ ಇನ್ನೊಬ್ಬ ಹಕ್ಕುದಾರನಿದ್ದಾನೆ. ರೂಪದಲ್ಲಿ ಹೂದೂತನ ಅಣ್ಣತಮ್ಮನಂತಿರುವ ಇನ್ನೊಂದು ಪ್ರೋಟೀನು, ಕೆಲಸದಲ್ಲಿ ಮಾತ್ರ ತದ್ವಿರುದ್ಧ. ಅದು ಬಂದು ಕೂರುತ್ತದೆ, ಏನನ್ನೂ ಚಾಲೂ ಮಾಡುವುದಿಲ್ಲ. ಸಂಜೆ ಆರರ ಕಲ್ಯಾಣ ಲೋಕಲಿನಲ್ಲಿ ಮೂವರ ಬೆಂಚಿನ ತುದಿಗೆ, ಫೋರ್ತ್ ಸೀಟಿಗೆ, ಸೊಂಟ ತೂರಿಸಿದವನನ್ನು ಏಳಿಸಲು ಯಾರಿಗೆ ಸಾಧ್ಯ? ಹೂದೂತ ಬಾಗಿಲ ಬಳಿ ನಿಂತೇ ಇರಬೇಕಾಗುತ್ತದೆ. ಈ ಎರಡನೆಯವನಿಗೆ ತಡೆಯಾಳು ಎಂಬ ಹೆಸರು ಸಾಕು. ಗುಲಾಬಿಯಲ್ಲಿ ಅವನನ್ನು ತಯಾರಿಸುವ ಜೀನಿಗೆ ವಿಜ್ಞಾನಿಗಳಿಟ್ಟ ಹೆಸರು ‘ಕೆಎಸ್‌ಎನ್’. ಆ ಹೆಸರಿನ ಹಿಂದೆ ಒಂದು ಕಥೆ ಇದೆ, ಮುಂದೆ ಬರುತ್ತದೆ.

ಕಾಡಿನ ಗುಲಾಬಿಗಳಲ್ಲಿ ತಡೆಯಾಳು ಋತು ನೋಡಿ ಬರುತ್ತಾನೆ. ಚಳಿ ಕಳೆದು ವಸಂತದಲ್ಲಿ ಕಣ್ಣು ಒಡೆಯುವಾಗ ಅವನ ಸಂಖ್ಯೆ ತೀರ ಕಡಿಮೆ. ಆಸನ ಖಾಲಿ, ಹೂದೂತ ಕೂರುತ್ತಾನೆ, ಪೊದೆಯೆಲ್ಲ ಹೂವು. ಕೆಲವೇ ವಾರಗಳಲ್ಲಿ ತಡೆಯಾಳು ತುಂಬಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ವರ್ಷವಿಡೀ ಬರುವ ಚಿಗುರೆಲ್ಲ ಕಸಾರಾ ಲೋಕಲ್, ಉದ್ದ ಬೆಳೆಯುವುದೊಂದೇ ಕೆಲಸ. ವರ್ಷಕ್ಕೊಂದೇ ಹೂಸುಗ್ಗಿ, ಉಳಿದ ಕಾಲವೆಲ್ಲ ಹಬ್ಬುವಿಕೆ. ಕಾಡಿನ ಗುಲಾಬಿಗಳಲ್ಲಿ ಸಾಮಾನ್ಯವಾಗಿ ಕಾಣುವ ಬದುಕು ಇದೇ.

ತಿಂಗಳ ಗುಲಾಬಿ

ಇದಕ್ಕೆ ಹೊರತಾದ ಗುಲಾಬಿಯೊಂದು ಚೀನಾದ ತೋಟಗಳಲ್ಲಿತ್ತು. ಸುಮಾರು ಸಾವಿರ ವರ್ಷಗಳ ಹಿಂದೆ, ಸೊಂಗ್ ಅರಸರ ಕಾಲದಲ್ಲೇ ಅದು ಮನೆಮಾತಾಗಿತ್ತು. ಚೀನೀಯರು ಅದನ್ನು ತಿಂಗಳು ತಿಂಗಳೂ ಅರಳುವ ಹೂವೆಂಬ ಅರ್ಥದ ಹೆಸರಿನಿಂದ ಕರೆದರು. ಜಪಾನೀಯರು ‘ಕೋಶಿನ್’ ಗುಲಾಬಿ ಎಂದರು. ನಮ್ಮ ಪಂಚಾಂಗದಲ್ಲಿ ಅರವತ್ತು ಸಂವತ್ಸರಗಳ ಚಕ್ರವಿರುವಂತೆ ಅವರ ಪಂಚಾಂಗದಲ್ಲಿ ಅರವತ್ತು ದಿನಗಳ ಚಕ್ರವಿದೆ. ಅದರಲ್ಲಿ ಒಂದು ದಿನದ ಹೆಸರು ಕೋಶಿನ್. ಎರಡು ತಿಂಗಳಿಗೊಮ್ಮೆ ಮರಳುವ ಆ ದಿನದಂತೆ ಮತ್ತೆ ಮತ್ತೆ ಅರಳುವ ಗುಲಾಬಿ ಎಂದರ್ಥ. ತಡೆಯಾಳಿನ ಜೀನಿಗೆ ‘ಕೆಎಸ್‌ಎನ್’ ಎಂಬ ಹೆಸರು ಬಂದದ್ದು ಈ ಕೋಶಿನ್‌ನಿಂದಲೇ.

18ನೇ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಈ ಗುಲಾಬಿಗಳನ್ನು ಯೂರೋಪಿಗೆ ಒಯ್ದವು. ದಾರಿಯಲ್ಲಿ ಕಲ್ಕತ್ತೆ ಸಿಗುತ್ತಿತ್ತು. ಹೀಗಾಗಿ ಫ್ರೆಂಚರು ಚೀನಾದ ಗುಲಾಬಿಗೆ ‘ಬಂಗಾಳದ ಗುಲಾಬಿ’ ಎಂದೇ ಹೆಸರಿಟ್ಟುಬಿಟ್ಟರು. ಅವುಗಳಲ್ಲೊಂದು ‘ಓಲ್ಡ್ ಬ್ಲಶ್’, ತಿಳಿಗೆಂಪು ಬಣ್ಣದ ಒಂದು ಸಾಧಾರಣ ಗಿಡ. ನೋಡಲು ಅಂಥ ಚೆಲುವೆಯೇನಲ್ಲ. ಆದರೆ ಇಂದು ನಾಶಿಕದಿಂದ ಕಲ್ಯಾಣದ ಹೂವಿನ ಪೇಟೆಗೆ ಬರುವ ಗುಲಾಬಿಯಿಂದ ಹಿಡಿದು ಐಸ್‌ಬರ್ಗಿನವರೆಗೆ, ವರ್ಷವಿಡೀ ಅರಳುವ ತೋಟದ ಗುಲಾಬಿಗಳ ಮೈಯಲ್ಲಿ ಇಂಥ ಚೀನೀ ಗುಲಾಬಿಗಳ ರಕ್ತವಿದೆ. ಚಳಿಗಾಲವೆಂಬುದು ಪಂಚಾಂಗದಲ್ಲಷ್ಟೇ ಇರುವ ಠಾಣೆ ಜಿಲ್ಲೆಯಲ್ಲಿ ನಾವು ಗುಲಾಬಿ ಬೆಳೆಸಿ ಸುಖಪಡುವುದೂ ಆ ರಕ್ತದಿಂದಲೇ, ಏಕೆಂದರೆ ಈ ಗುಲಾಬಿಗಳು ಹೂ ಬಿಡಲು ವಸಂತದ ದಾರಿ ಕಾಯುವುದಿಲ್ಲ.

ಕಾಯದಿರಲು ಕಾರಣ, ಅವುಗಳಲ್ಲಿ ತಡೆಯಾಳು ಹುಟ್ಟುವುದೇ ಇಲ್ಲ. ಈ ಗುಲಾಬಿಯ ಬೀಜ ಮೊಳೆತರೆ ಕೆಲವೇ ವಾರಗಳಲ್ಲಿ ಗೇಣುದ್ದದ ಸಸಿಯೇ ಮೊಗ್ಗು ಹಿಡಿಯುತ್ತದೆ. ಕಾಡಿನ ಗುಲಾಬಿಯ ಸಸಿಯಾದರೆ ಮೊದಲ ವರ್ಷ ಹೂವಿನ ಸುದ್ದಿಯನ್ನೇ ಎತ್ತುವುದಿಲ್ಲ.

ಮೂರು ಅಟ್ಟೆಯ ಅತಿಕ್ರಮಣ

ತಡೆಯಾಳು ಎಲ್ಲಿ ಹೋದ? 2012ರಲ್ಲಿ ಫ್ರಾನ್ಸಿನ ಆಂಜೆ ನಗರದಲ್ಲಿ ಹಿಕಾರು ಇವಾಟಾ, ಫಾಬ್ರಿಸ್ ಫೂಷೆ ಮತ್ತು ಸಂಗಡಿಗರು ಇದಕ್ಕೆ ಉತ್ತರ ಪ್ರಕಟಿಸಿದರು.

ಜೀನು ಎಂದರೆ ಡಿಎನ್‌ಎ ಎಂಬ ಉದ್ದದ ಎಳೆಯಲ್ಲಿ ಅಕ್ಷರಕ್ಷರವಾಗಿ ಪೋಣಿಸಿಟ್ಟ ಒಂದು ಪಾಕವಿಧಾನ. ಅಕ್ಷರಕ್ಕೊಂದು ಶಂಕರಪುರ ಮಲ್ಲಿಗೆ ಎಂದಿಟ್ಟುಕೊಳ್ಳಿ. ಉಡುಪಿಯವರ ಲೆಕ್ಕದಲ್ಲಿ 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. 2018ರಲ್ಲಿ ಓಲ್ಡ್ ಬ್ಲಶ್‌ನ ಪೂರ್ತಿ ಡಿಎನ್‌ಎ ಓದಿದಾಗ ಸಿಕ್ಕಿದ್ದು ಸುಮಾರು 50 ಕೋಟಿ ಅಕ್ಷರ. ಅಂದರೆ ಒಂದೂವರೆ ಲಕ್ಷ ಅಟ್ಟೆ ಮಲ್ಲಿಗೆ! ಅಷ್ಟು ಉದ್ದದ ಮಾಲೆಯಲ್ಲಿ ತಡೆಯಾಳಿನ ವಿಧಾನ ಬರೆದಿರುವ ಕಡೆ, ಸರಿಯಾಗಿ ನಡುವಿನಲ್ಲಿ, ಸುಮಾರು 9,000 ಅಕ್ಷರಗಳ ಸಂಬಂಧವಿಲ್ಲದ ಸಾಲೊಂದು ತೂರಿಕೊಂಡಿತ್ತು. ಮಲ್ಲಿಗೆ ಮಾಲೆಯ ನಡುವೆ ಯಾರೋ ಮೂರು ಅಟ್ಟೆಯಷ್ಟು ಕನಕಾಂಬರ ಸೇರಿಸಿ ಕಟ್ಟಿದಂತೆ. ವಿಧಾನ ಅಲ್ಲಿಗೇ ಕೆಟ್ಟಿತು. ತಡೆಯಾಳು ತಯಾರಾಗಲಿಲ್ಲ, ಆಸನ ಸದಾ ಖಾಲಿ. ಪ್ರತಿ ಚಿಗುರೂ ಠಾಣೆ ಲೋಕಲ್.

ತೂರಿಕೊಂಡದ್ದು ಹೊರಗಿನ ರೋಗಾಣುವಲ್ಲ. ಬಹುತೇಕ ಎಲ್ಲ ಜೀವಿಗಳ ಡಿಎನ್‌ಎಯಲ್ಲೂ ತಮ್ಮದೇ ನಕಲು ಮಾಡಿ ಬೇರೆ ಕಡೆ ಸೇರಿಸುತ್ತಾ ಹೋಗುವ ತುಣುಕುಗಳಿವೆ. ಇವಕ್ಕೆ ‘ಜಂಪಿಂಗ್ ಜೀನ್’ ಎಂಬ ಹೆಸರು ಬಂದಿದೆ. ನಮಗೆ ನುಸುಳುತುಣುಕು ಎಂದರೆ ಆದೀತು. ಮುಸುಕಿನ ಜೋಳದ ಕಾಳಿನ ಮೇಲಿನ ಬಣ್ಣದ ಚುಕ್ಕೆಗಳನ್ನು ನೋಡಿಯೇ 1940ರ ದಶಕದಲ್ಲಿ ಇಂಥ ತುಣುಕುಗಳ ಇರವನ್ನು ಊಹಿಸಿದ್ದು ಅಮೆರಿಕದ ಬಾರ್ಬರಾ ಮೆಕ್‌ಲಿಂಟಾಕ್. ನೊಬೆಲ್ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂದದ್ದು 1983ರಲ್ಲಿ.

ಸಸ್ಯಕ್ಕೆ ಇದೊಂದು ಪೆಟ್ಟು, ನಿಜ. ಆದರೆ ಅದನ್ನು ನೋಡಿದ ಚೀನಾದ ತೋಟಗಾರನಿಗೆ ಅದು ವರದಾನ. ಮತ್ತೆ ಮತ್ತೆ ಅರಳುವ ಕುಳ್ಳ ಗಿಡವನ್ನು ಅವನು ಕಾಪಾಡಿದ, ಟೊಂಗೆ ನೆಟ್ಟು ಹೆಚ್ಚಿಸಿದ, ನೆರೆಯವರಿಗೆ ಹಂಚಿದ.

ಬಳ್ಳಿ ಮನೆಗೆ ಮರಳಿತು

ಈಗ ನರ್ಸರಿಯ ಎರಡು ಐಸ್‌ಬರ್ಗ್‌ಗಳಿಗೆ ಬರೋಣ. ಗಿಡ ಐಸ್‌ಬರ್ಗನ್ನು ಜರ್ಮನಿಯ ಕೋರ್ಡೆಸ್ ಮನೆತನದವರು ತಳಿಸಂಕರದಿಂದ ಪಡೆದದ್ದು, ಲೋಕಕ್ಕೆ ಕೊಟ್ಟದ್ದು 1958ರಲ್ಲಿ. ಬಳ್ಳಿ ಐಸ್‌ಬರ್ಗ್ 1968ರದು, ಅದು ಯಾವ ಸಂಕರದ ಫಲವೂ ಅಲ್ಲ. ಗಿಡ ಐಸ್‌ಬರ್ಗಿನ ಒಂದು ಟೊಂಗೆ ಇದ್ದಕ್ಕಿದ್ದಂತೆ ಉಳಿದವುಗಳ ಮಾತು ಕೇಳದೆ ಉದ್ದವಾಯಿತು. ಅದನ್ನು ಕಂಡ ಇಂಗ್ಲೆಂಡಿನ ತೋಟಗಾರರು ಆ ಟೊಂಗೆಯ ಕಣ್ಣು ಕಸಿಮಾಡಿ ಬೆಳೆಸಿದರು. ಹೀಗೆ ಒಂದು ಕಣ್ಣಿನಲ್ಲಿ ಮಾತ್ರ ಗುಣ ಬದಲಾಗುವುದಕ್ಕೆ ಇಂಗ್ಲಿಷ್ ತೋಟಗಾರರು ‘ಸ್ಪೋರ್ಟ್’ ಎನ್ನುತ್ತಾರೆ. ಕವಲುಜಿಗಿತ ಎನ್ನೋಣ. ನಮಗಿದು ಹೊಸತಲ್ಲ. ಸಾಂಗಲಿಯಿಂದ ವಿಜಯಪುರದವರೆಗೆ ಬೆಳೆಯುವ ದ್ರಾಕ್ಷಿಯಲ್ಲಿ ತಾಸ್‌-ಎ-ಗಣೇಶ್, ಸೋನಾಕಾ ಎಂಬ ತಳಿಗಳು ಥಾಮ್ಸನ್ ಸೀಡ್‌ಲೆಸ್ ಬಳ್ಳಿಯಲ್ಲಿ ತಾವಾಗಿ ಕಾಣಿಸಿಕೊಂಡ ಇಂಥ ಮಾರ್ಪಾಟುಗಳೇ.

ಇಂಥದೇ ಇನ್ನೊಂದು ಜೋಡಿ ಗಿಡ ಓಲ್ಡ್ ಬ್ಲಶ್ ಮತ್ತು ಅದರ ಕವಲುಜಿಗಿತವಾದ ಬಳ್ಳಿ ಓಲ್ಡ್ ಬ್ಲಶ್. ಎರಡರ ಡಿಎನ್‌ಎಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಗುಟ್ಟು ಬಯಲಾಯಿತು. ಬಳ್ಳಿಯಲ್ಲಿ ಆ 9,000 ಅಕ್ಷರಗಳ ಬಹುಭಾಗ ಕಾಣೆಯಾಗಿತ್ತು!

ಅದು ಹೋದ ಬಗೆ ಚಂದ. ಈ ಜಾತಿಯ ನುಸುಳುತುಣುಕಿನ ಎರಡೂ ಕೊನೆಗಳಲ್ಲಿ ಒಂದೇ ತೆರನ ಅಕ್ಷರಸಾಲು ಇರುತ್ತದೆ. ಕನಕಾಂಬರದ ಸಾಲಿನ ಆಚೆಗೊಂದು ಈಚೆಗೊಂದು ಒಂದೇ ಬಗೆಯ ಸೇವಂತಿಗೆ ಕುಚ್ಚು ಕಟ್ಟಿದಂತೆ. ಮಾಲೆ ಎಲ್ಲೋ ತುಂಡಾಯಿತು, ಕಟ್ಟುವಾಕೆ ಮತ್ತೆ ಜೋಡಿಸಲು ಕೂತಳು. ಕೈಗೆ ಸಿಕ್ಕ ಮೊದಲ ಕುಚ್ಚನ್ನೂ ಎರಡನೆಯ ಕುಚ್ಚನ್ನೂ ಒಂದೇ ಎಂದು ಭ್ರಮಿಸಿ ಅಲ್ಲಿಗೇ ಗಂಟು ಹಾಕಿದಳು. ನಡುವಿನ ಕನಕಾಂಬರವೆಲ್ಲ ಕುಣಿಕೆಯಾಗಿ ಕಳಚಿಬಿತ್ತು. ಮಲ್ಲಿಗೆಗೆ ಮಲ್ಲಿಗೆ ಸೇರಿತು, ನಡುವೆ ಗುರುತಿಗೆ ಒಂದು ಕುಚ್ಚು ಉಳಿಯಿತು. ಕಣವೂ ತನ್ನ ಡಿಎನ್‌ಎಯನ್ನು ನಕಲಿಸುವಾಗ, ರಿಪೇರಿ ಮಾಡುವಾಗ ಒಮ್ಮೊಮ್ಮೆ ಇಂಥ ಎಡವಟ್ಟು ಮಾಡುತ್ತದೆ. ಇಲ್ಲಿ ಆ ಎಡವಟ್ಟೇ ದುರಸ್ತಿಯಾಯಿತು. ತಡೆಯಾಳಿನ ವಿಧಾನ ಮತ್ತೆ ಓದಲು ಬಂತು, ತಡೆಯಾಳು ಕೆಲಸಕ್ಕೆ ಮರಳಿದ, ಚಿಗುರು ಓಡತೊಡಗಿತು.

ಇದೇ ಆಟವನ್ನು ದ್ರಾಕ್ಷಿಯೂ ಆಡಿದೆ. ಬಿಳಿದ್ರಾಕ್ಷಿ ಬಿಳಿಯಾದದ್ದು ಬಣ್ಣದ ಜೀನಿಗೆ ಇಂಥ ತುಣುಕೊಂದು ನುಸುಳಿದ್ದರಿಂದ. ‘ಇಟಾಲಿಯಾ’ ಎಂಬ ಬಿಳಿದ್ರಾಕ್ಷಿಯ ಬಳ್ಳಿಯಲ್ಲಿ ಬ್ರೆಜಿಲಿನಲ್ಲೊಮ್ಮೆ ಕೆಂಪು ಗೊಂಚಲು ಕಾಣಿಸಿಕೊಂಡಿತು. 2004ರಲ್ಲಿ ಜಪಾನಿನ ವಿಜ್ಞಾನಿಗಳು ಪರೀಕ್ಷಿಸಿದಾಗ ಅಲ್ಲಿಯೂ ತುಣುಕು ಕಳಚಿತ್ತು, ಒಂದು ಕುಚ್ಚು ಉಳಿದಿತ್ತು.

ಇಲ್ಲಿಗೆ ನಮ್ಮ ಪ್ರಶ್ನೆ ತಲೆಕೆಳಗಾಗುತ್ತದೆ. ಗಿಡ ಬಳ್ಳಿಯಾದದ್ದು ಹೇಗೆಂದು ಕೇಳುತ್ತಿದ್ದೆವು. ಚೀನಾದ ಗುಲಾಬಿಯ ಕಾಡಿನ ಮೂಲಪುರುಷನನ್ನು 1983ರಲ್ಲಿ ಜಪಾನಿನ ಮಿಕಿನೋರಿ ಒಗಿಸು ಸಿಚುವಾನ್ ಪ್ರಾಂತದಲ್ಲಿ ಕಂಡು ಫೋಟೋ ತೆಗೆದರು. ಅದು ಮರಗಳ ಮೇಲೆ ಹಬ್ಬಿ ವರ್ಷಕ್ಕೊಮ್ಮೆ ಅರಳುವ ಬಳ್ಳಿ! ಅಂದರೆ ಮೊದಲು ಇದ್ದದ್ದೇ ಬಳ್ಳಿ. ನುಸುಳುತುಣುಕಿನ ದೆಸೆಯಿಂದ ಅದು ಗಿಡವಾಗಿ ಕುಳಿತಿತ್ತು, ತುಣುಕು ಕಳಚಿದ ದಿನ ಎದ್ದು ತನ್ನ ಹಳೆಯ ದಾರಿ ಹಿಡಿಯಿತು.

ಆದರೆ ಮರಳಿದ್ದು ಪೂರ್ತಿಯಾಗಿ ಅಲ್ಲ. ಪ್ರತಿ ಕಣದಲ್ಲೂ ಈ ಜೀನಿಗೆ ಒಂದಕ್ಕಿಂತ ಹೆಚ್ಚು ಪ್ರತಿಗಳಿವೆ. ದುರಸ್ತಿಯಾಗುವುದು ಸಾಮಾನ್ಯವಾಗಿ ಅವುಗಳಲ್ಲೊಂದು, ಆ ಒಂದರಲ್ಲೂ ಕುಚ್ಚು ಉಳಿದಿದೆ. ತಡೆ ಕಾಡಿನ ಗುಲಾಬಿಯಷ್ಟು ಬಿಗಿಯಾಗಿರುವುದಿಲ್ಲ. ತಡೆ ಸಡಿಲವಿದ್ದಷ್ಟೂ ಬಳ್ಳಿ ದೊಡ್ಡ ಹೂಸುಗ್ಗಿಯ ನಂತರವೂ ಆಗಾಗ ಅರಳುತ್ತದೆ. ಬಳ್ಳಿ ಐಸ್‌ಬರ್ಗ್ ಹೀಗೆ ಮತ್ತೆ ಮತ್ತೆ ಅರಳುವ ಸಾಲಿನದು. ಲೋಕದ ತೋಟಗಾರರಿಗೆ ಅದು ಅಷ್ಟು ಇಷ್ಟವಾದದ್ದೂ ಇದರಿಂದಲೇ.

ಸಂತೆಯಲ್ಲಿರುವ ನೆಂಟರು

ತಡೆಯಾಳಿನ ವಂಶ ದೊಡ್ಡದು. ಬೀನ್ಸ್‌ನಲ್ಲಿ ಕೋಲು ಬೇಡುವ ಬಳ್ಳಿ ಬೀನ್ಸ್, ಕೋಲು ಬೇಡದ ಗಿಡ ಬೀನ್ಸ್ ಎಂದು ಎರಡಿವೆಯಲ್ಲ, ಆ ವ್ಯತ್ಯಾಸದ ಹಿಂದೆಯೂ ಇದೇ ವಂಶದ ಜೀನಿದೆ. ಸೋಯಾದಲ್ಲಿಯೂ ಅದೇ. 1914ರಲ್ಲಿ ಅಮೆರಿಕದ ಫ್ಲೋರಿಡಾದ ಹೊಲವೊಂದರಲ್ಲಿ ತಾನಾಗಿ ಬೆಳವಣಿಗೆ ನಿಲ್ಲಿಸುವ ಟೊಮೆಟೊ ಗಿಡ ಕಾಣಿಸಿಕೊಂಡಿತು. ಅದರಲ್ಲಿ ಕೆಟ್ಟಿದ್ದದ್ದೂ ಈ ವಂಶದ ಜೀನೇ. ಒಂದೇ ಸಲಕ್ಕೆ ಹಣ್ಣಾಗುವ, ಯಂತ್ರದಿಂದ ಕೊಯ್ಯಬಹುದಾದ ಸಾಸ್ ಟೊಮೆಟೊಗಳು ಬಂದದ್ದು ಆ ಗಿಡದಿಂದ.

ನಮ್ಮ ಅವರೆಯನ್ನೂ ನೆನೆಯಿರಿ. ಸಂಕ್ರಾಂತಿಯ ಆಸುಪಾಸಿನಲ್ಲಷ್ಟೇ ಬರುವ ಸೊಗಡಿನ ಅವರೆ ಉದ್ದಕ್ಕೆ ಹಬ್ಬುತ್ತದೆ, ಹಗಲು ಕುಗ್ಗಿದ ಮೇಲೆ ಹೂ ಬಿಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಮತ್ತು 4 ಗಿಡವಾಗಿ ನಿಲ್ಲುತ್ತವೆ, ಯಾವ ಕಾಲದಲ್ಲಾದರೂ ಕಾಯಿ ಕೊಡುತ್ತವೆ. ಎತ್ತರ ಬಿಟ್ಟುಕೊಟ್ಟು ವರ್ಷವಿಡೀ ಫಲ ಪಡೆಯುವ ಅದೇ ವ್ಯಾಪಾರ.

ಕಳ್ಳಚಿಗುರು

ಇಲ್ಲೊಂದು ಎಚ್ಚರಿಕೆಯ ಮಾತು. ‘ನಮ್ಮ ಗಿಡ ಗುಲಾಬಿ ತಾನಾಗಿ ಬಳ್ಳಿಯಾಯಿತು’ ಎಂದು ಘೋಡಬಂದರ್ ರಸ್ತೆಯಿಂದ ನೆರೂಳದವರೆಗೆ ಅನೇಕರು ಹೇಳುತ್ತಾರೆ. ಎಲ್ಲವೂ ಕವಲುಜಿಗಿತವಲ್ಲ. ನರ್ಸರಿಯ ಗುಲಾಬಿ ಸಾಮಾನ್ಯವಾಗಿ ಕಸಿಯದು. ಬೇರು ಗಟ್ಟಿಮುಟ್ಟಾದ ಬೇರೊಂದು ಗುಲಾಬಿಯದು, ಅದರ ಮೇಲೆ ನಮಗೆ ಬೇಕಾದ ತಳಿಯ ಕಣ್ಣು ಕೂರಿಸಿರುತ್ತಾರೆ. ಮರಾಠಿಯ ಮಾಳಿಗಳು ಇದನ್ನು ‘ಡೋಳಾ ಭರಣೆ’ ಎನ್ನುತ್ತಾರೆ. ಠಾಣೆಯಲ್ಲಿ 2,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆಗೆ ಮೇಲಿನ ತಳಿ ಸೊರಗಿದಾಗ ಕೆಳಗಿನ ಬೇರುಗಿಡ ತನ್ನದೇ ಚಿಗುರು ಕಳಿಸುತ್ತದೆ. ಬೇರುಗಿಡವಾಗಿ ಬಳಸುವ ರೋಸಾ ಮಲ್ಟಿಫ್ಲೋರಾದಂಥ ಕಾಡುಗುಲಾಬಿಗಳಲ್ಲಿ ತಡೆಯಾಳು ಪೂರ್ತಿ ಆರೋಗ್ಯವಾಗಿದ್ದಾನೆ. ಹೀಗಾಗಿ ಆ ಚಿಗುರು ಗ್ರಿಲ್ ತುಂಬ ಹಬ್ಬುತ್ತದೆ, ಹೂ ಕೊಡುವುದಿಲ್ಲ, ಮೇಲಿನ ತಳಿಯ ಊಟವನ್ನೂ ತಾನೇ ಉಣ್ಣುತ್ತದೆ.

ಎಲೆಯಲ್ಲಿ ಏಳು ದಳವಿದ್ದರೆ ಕಳ್ಳ, ಐದಿದ್ದರೆ ಸಾಚಾ ಎಂಬ ಮಾತನ್ನು ನಂಬಬೇಡಿ, ಒಳ್ಳೆಯ ಬಳ್ಳಿ ಗುಲಾಬಿಗಳಲ್ಲೂ ಏಳು ದಳವಿರುತ್ತದೆ. ಚಿಗುರು ಹೊರಟ ಜಾಗ ನೋಡಿ. ಕಸಿಯ ಗಂಟಿನ ಕೆಳಗಿನಿಂದ ಬಂದಿದ್ದರೆ ಬುಡಸಮೇತ ಕಿತ್ತುಹಾಕಿ. ಗಂಟಿನ ಮೇಲಿನಿಂದ ಬಂದಿದ್ದರೆ ತಡೆದು ನೋಡಿ, ಅಪರೂಪದ ಅತಿಥಿಯೂ ಆಗಿರಬಹುದು.

ಅಜ್ಜಿಯ ಗಂಟು

ಬಳ್ಳಿ ಎತ್ತರವನ್ನು ಆರಿಸಿಕೊಂಡಾಗಿದೆ, ಅದರ ಡಿಎನ್‌ಎಯಲ್ಲಿ ನಾವು ಕೈಹಾಕುವಂತಿಲ್ಲ. ಹಾಗಿದ್ದರೆ ಹೂವನ್ನು ಮರೆಯಬೇಕೇ? ಬೇಡ. ಕಸಾರಾ ಲೋಕಲ್ ಓಡಲಿ, ಅದರ ಹಳಿಯುದ್ದಕ್ಕೂ ಚಿಕ್ಕ ಚಿಕ್ಕ ಠಾಣೆ ಲೋಕಲ್‌ಗಳನ್ನು ಹೊರಡಿಸಿದರೆ ಆಯಿತು.

ಕಾಂಡದ ಮೇಲೆ ಪ್ರತಿ ಎಲೆಯ ಕಂಕುಳಲ್ಲಿ ಒಂದು ಕಣ್ಣು ಮಲಗಿರುತ್ತದೆ. ಅದನ್ನು ಮಲಗಿಸಿಟ್ಟಿರುವುದು ಮೇಲಿನ ತುದಿ. ಚುರುಕಾಗಿ ಬೆಳೆಯುವ ತುದಿ ಆಕ್ಸಿನ್ ಎಂಬ ರಸವನ್ನು ಕೆಳಕ್ಕೆ ಹರಿಸುತ್ತಾ ಪಕ್ಕದ ಕಣ್ಣುಗಳನ್ನು ಅದುಮಿಡುತ್ತದೆ ಎಂಬುದು 1930ರ ದಶಕದಿಂದ ಗೊತ್ತು. ಎಲೆಗಳು ತಯಾರಿಸಿದ ಸಕ್ಕರೆಯ ಸಿಂಹಪಾಲನ್ನೂ ಅದೇ ಎಳೆದುಕೊಳ್ಳುತ್ತದೆ. ಅಜ್ಜಿ ಸೊಕ್ಕು ಎಂದದ್ದು ಇದನ್ನೇ. ಕಾಂಡವನ್ನು ಅಡ್ಡಕ್ಕೆ ಬಗ್ಗಿಸಿ ಕಟ್ಟಿದರೆ ತುದಿಯ ಓಟ ನಿಧಾನವಾಗುತ್ತದೆ, ಅದರ ಹಿಡಿತ ಸಡಿಲುತ್ತದೆ. ಮಲಗಿದ್ದ ಕಣ್ಣುಗಳು ಸಾಲಾಗಿ ಏಳುತ್ತವೆ. ಬಲಿತ ಕಾಂಡದಿಂದ ಹೀಗೆ ಏಳುವ ಪಕ್ಕದ ಚಿಗುರುಗಳು ಗಿಡ್ಡ, ಅವುಗಳ ತುದಿಯಲ್ಲಿ ತಡೆ ಕಡಿಮೆ, ಕೆಲವೇ ಎಲೆಗಳಾದ ಮೇಲೆ ಹೂವಿಗೆ ನಿಲ್ಲುತ್ತವೆ.

ಮಾಡುವ ಕ್ರಮವೂ ದೊಡ್ಡದಲ್ಲ. ಮಳೆ ನಿಂತ ಮೇಲೆ, ಅಕ್ಟೋಬರಿನಲ್ಲಿ, ಒಣಗಿದ ಮತ್ತು ತೀರ ಹಳೆಯ ಟೊಂಗೆಗಳನ್ನು ತೆಗೆಯಬೇಕು. ಬಲಿತ ಉದ್ದ ಕಾಂಡಗಳನ್ನು ಕತ್ತರಿಸಬಾರದು. ಗಿಡ ಗುಲಾಬಿಯನ್ನು ಸವರುವ ಹಾಗೆ ಮೊಣಕಾಲೆತ್ತರಕ್ಕೆ ಕತ್ತರಿಸಿದರೆ ಬಳ್ಳಿ ಮತ್ತೆ ಬುಡದಿಂದ ಉದ್ದ ಚಿಗುರನ್ನೇ ಕಳಿಸುತ್ತದೆ, ಒಂದು ವರ್ಷದ ದುಡಿಮೆ ಹಾಳು. ಹಿಂದಿನ ಸಲ ಹೂ ಬಿಟ್ಟ ಪಕ್ಕದ ಚಿಗುರುಗಳನ್ನು ಮಾತ್ರ ಎರಡು ಮೂರು ಕಣ್ಣು ಉಳಿಸಿ ಕತ್ತರಿಸಬೇಕು. ಕಾಂಡವನ್ನು ಒಂದೇ ದಿನ ಪೂರ್ತಿ ಬಗ್ಗಿಸಲು ಹೋದರೆ ಸೀಳುತ್ತದೆ, ಇವತ್ತಿಷ್ಟು ನಾಳೆ ಇಷ್ಟು ಎಂದು ಇಳಿಸಬೇಕು. ಕಟ್ಟುವ ದಾರ ಸಡಿಲವಿರಲಿ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳದ ಗ್ರಿಲ್ಲಿನಲ್ಲಿ ಮಾತ್ರ ಯಾವ ಗಂಟೂ ಫಲ ಕೊಡದು.

ಅಜ್ಜಿಯೇ ಮೇಲೆ ಬಂದು ನಿಂತು, ಮಲ್ಲಿಗೆ ಕಟ್ಟುವ ಬಾಳೆನಾರಿನಿಂದ ನನ್ನ ಐಸ್‌ಬರ್ಗನ್ನು ಗ್ರಿಲ್ಲಿನ ಅಡ್ಡಪಟ್ಟಿಗೆ ಏಳು ಕಡೆ ಕಟ್ಟಿಸಿದರು. ಮೂರನೇ ಮಹಡಿಯ ಸೀರೆಗಳಿಗೆ ಬಿಡುಗಡೆಯಾಯಿತು. ಎರಡನೇ ವಾರದಲ್ಲಿ ಕಾಂಡದ ಮೇಲ್ಮೈಯಲ್ಲಿ ಕೆಂಪು ಚುಕ್ಕೆಗಳಂತೆ ಕಣ್ಣುಗಳು ಒಡೆದವು. ಡಿಸೆಂಬರಿನಲ್ಲಿ ನೋಡಿದರೆ ಮಲಗಿಸಿದ ಬಳ್ಳಿಯ ಮೇಲೆ ಗೇಣುಗೇಣಿಗೊಂದರಂತೆ ಪುಟ್ಟ ಗುಲಾಬಿ ಗಿಡಗಳು ಸಾಲಾಗಿ ಎದ್ದು ನಿಂತಿದ್ದವು, ಒಂದೊಂದರ ತಲೆಯ ಮೇಲೂ ಒಂದು ಬಿಳಿ ಗೊಂಚಲು. ನರ್ಸರಿಯವನು ಅಂದು ಬೇರೆಬೇರೆಯಾಗಿ ತೋರಿಸಿದ್ದ ಝಾಡೂ ವೇಲೂ ಈಗ ಒಂದೇ ಕುಂಡದಲ್ಲಿದ್ದವು.